ದೋಣಿ ನಡೆಸುವುದೂ ದೋಣಿ ಹೊರುವುದೂ: ಸಾಹಸ ಸ್ಪರ್ಧೆಗೆ ಕೃಷ್ಣಾ ತೀರದಲ್ಲಿ ಸಿದ್ಧತೆ

ಪ್ರಶ್ನೆ: ವಿಜಯಪುರ ಮತ್ತು ಬಾಗಲಕೋಟೆಯ ನಾಲ್ವರು, ಮೂವರು ಪುರುಷರು ಮತ್ತು ಒಬ್ಬ ಮಹಿಳೆ, ಸೇರಿ ಸಾಹಸ ಸ್ಪರ್ಧೆಗೆಂದು ಒಂದು ತಂಡ ಕಟ್ಟಿದ್ದೇವೆ. ಸೈಕಲ್ ಮತ್ತು ಓಟದಲ್ಲಿ ನಮಗೆ ಅಂಜಿಕೆಯಿಲ್ಲ. ಬಾದಾಮಿಯ ಬಂಡೆಗಳಲ್ಲಿ ಹಗ್ಗದ ಕೆಲಸವನ್ನೂ ಕಲಿತಿದ್ದೇವೆ. ಆದರೆ ಕಯಾಕ್ ನಡೆಸುವ ಹಂತ, ಮತ್ತು ನಡುನಡುವೆ ಅದನ್ನು ನೀರಿನಿಂದೆತ್ತಿ ನೆಲದ ಮೇಲೆ ಹೊತ್ತು ಸಾಗಬೇಕಾದ ಪೋರ್ಟೇಜ್ ಎಂದರೆ ದಿಗಿಲಾಗುತ್ತದೆ. ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲಿ ಈ ಹಂತಗಳು ಹೇಗಿರುತ್ತವೆ? ನಮ್ಮ ಕಡೆಯ ನದಿಗಳಲ್ಲೇ ಇದಕ್ಕೆ ತಯಾರಾಗಬಹುದೇ? ಸ್ವಂತ ದೋಣಿ ಕೊಳ್ಳಬೇಕೇ?

ಉತ್ತರ: ಮೊದಲಿಗೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಿಬಿಡುತ್ತೇನೆ. ಖಂಡಿತವಾಗಿ ತಯಾರಾಗಬಹುದು, ಪೋರ್ಟೇಜ್ ಕಲಿಯುವುದಕ್ಕೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಈ ಸೀಮೆಗಿಂತ ಒಳ್ಳೆಯ ಜಾಗವನ್ನು ನಾನು ನಮ್ಮ ರಾಜ್ಯದಲ್ಲಿ ಕಂಡಿಲ್ಲ. ಮಲೆನಾಡಿನ ಹೊಳೆಗಳಲ್ಲಿ ಸೆಳವಿದೆ, ಬಂಡೆಗಳಿವೆ, ನೊರೆಯುಕ್ಕುವ ಇಳಿಜಾರುಗಳಿವೆ. ಆದರೆ ಒಂದರ ಕೆಳಗೊಂದು ಬಾಂದಾರ, ಅಂದರೆ ನೀರು ತಡೆಯುವ ಗಿಡ್ಡ ಅಡ್ಡಗಟ್ಟೆ, ಕಟ್ಟಿಸಿಕೊಂಡ ನದಿ ಬೇಕೆಂದರೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಿಗೇ ಬರಬೇಕು. ಪ್ರತಿ ಬಾಂದಾರದ ಬಳಿಯೂ ಇಳಿಯಬೇಕು, ದೋಣಿ ಎತ್ತಬೇಕು, ಹೊರಬೇಕು, ಮತ್ತೆ ನೀರಿಗೆ ಬಿಡಬೇಕು. ನಿಮ್ಮ ಪತ್ರದಲ್ಲಿ ತೋಳ್ಬಲದ ಚಿಂತೆಯೇ ಹೆಚ್ಚಾಗಿ ಕಂಡಿತು. ಹೊಸ ತಂಡಗಳು ಅತಿ ಹೆಚ್ಚು ಹೊತ್ತು ಕಳೆದುಕೊಳ್ಳುವ ಜಾಗವೆಂದರೆ ನೀರು ಮುಗಿದು ನೆಲ ಶುರುವಾಗುವ ಹತ್ತಿಪ್ಪತ್ತು ಮಾರು ಮಾತ್ರ.

ಇದನ್ನು ಲೆಕ್ಕದಲ್ಲೇ ತೋರಿಸಿಕೊಡುವ ಸ್ಪರ್ಧೆಯೊಂದು ಇಂಗ್ಲೆಂಡಿನಲ್ಲಿದೆ. ಡಿವೈಜಸ್ ಎಂಬ ಊರಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ ಈಸ್ಟರ್ ಹಬ್ಬದ ಹೊತ್ತಿಗೆ ನಡೆಯುವ, 1948ರಲ್ಲಿ ಮೂಲವನ್ನು ಹೊಂದಿರುವ ಈ ದೋಣಿ ಓಟದ ಉದ್ದ 125 ಮೈಲಿ, ಅಂದರೆ ಸುಮಾರು 201 ಕಿಲೋಮೀಟರ್. ಕೆನೆಟ್ ಮತ್ತು ಏವನ್ ಕಾಲುವೆಯಲ್ಲಿ ಹೊರಟು ಥೇಮ್ಸ್ ನದಿಯನ್ನು ಸೇರುವ ಈ ದಾರಿಯಲ್ಲಿ 77 ಕಡೆ, ಹೆಚ್ಚಾಗಿ ನಾವೆಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗೇಟುಗಳ ಬಳಿ, ದೋಣಿಯನ್ನು ಹೊರಬೇಕು. ಒಂದೊಂದು ಪೋರ್ಟೇಜಿಗೆ ಐದು ನಿಮಿಷ ಹಿಡಿದರೆ ಒಟ್ಟು 385 ನಿಮಿಷವಾಗುತ್ತದೆ. ಎರಡೇ ನಿಮಿಷದಲ್ಲಿ ಮುಗಿಸಿದರೆ 154 ನಿಮಿಷ. ತೋಳಿನ ಶಕ್ತಿ ಎಳ್ಳಷ್ಟೂ ಹೆಚ್ಚದೆ ನಾಲ್ಕು ಗಂಟೆಗೆ ಹತ್ತಿರ ಹತ್ತಿರ ಉಳಿತಾಯವಾಯಿತು. 1979ರಲ್ಲಿ ಬ್ರಯಾನ್ ಗ್ರೀನ್‌ಹ್ಯಾಮ್ ಮತ್ತು ಟಿಮ್ ಕಾರ್ನಿಶ್ ಎಂಬ ಜೋಡಿ ಇಡೀ ದೂರವನ್ನು 15 ಗಂಟೆ 34 ನಿಮಿಷಗಳಲ್ಲಿ ಮುಗಿಸಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ನಾಲ್ಕು ಗಂಟೆಯ ತೂಕ ತಿಳಿಯುತ್ತದೆ. ಇನ್ನೂ ಒಂದು ತೊಡಕಿದೆ. ಟೆಡಿಂಗ್ಟನ್‌ನಿಂದ ಕೆಳಕ್ಕೆ ಥೇಮ್ಸ್ ನದಿಗೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ನೀರು ಇಳಿಯುವ ಹೊತ್ತಿಗೆ ಅಲ್ಲಿಗೆ ಮುಟ್ಟಿದವರನ್ನು ನದಿಯೇ ಒಯ್ಯುತ್ತದೆ, ತಡವಾದವರು ಎದುರು ನೀರಿನಲ್ಲಿ ಸಿಲುಕುತ್ತಾರೆ. ಎಲ್ಲೋ ಮೇಲೆ, ಲಾಕ್‌ಗೇಟಿನ ಬಳಿ ಚೀಲ ಹುಡುಕುತ್ತಾ ಕಳೆದ ನಿಮಿಷಗಳಿಗೆ ಇಲ್ಲಿ ಬಡ್ಡಿ ಸೇರಿಸಿ ತೆರಬೇಕಾಗುತ್ತದೆ.

ಪೋರ್ಟೇಜನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದ ಸ್ಪರ್ಧೆ ಎಂದು ನಾನು ಗೌರವಿಸುವುದು ದಕ್ಷಿಣ ಆಫ್ರಿಕಾದ ಡೂಸಿಯನ್ನು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಅದೇ ಪೀಟರ್‌ಮಾರಿಟ್ಜ್‌ಬರ್ಗ್‌ನಿಂದ ಡರ್ಬನ್ ಕಡಲತೀರದವರೆಗೆ ಸುಮಾರು 120 ಕಿಲೋಮೀಟರ್ ಸಾಗುವ ಈ ಓಟವನ್ನು 1951ರಲ್ಲಿ ಆರಂಭಿಸಿದವರು ಇಯಾನ್ ಪ್ಲೇಯರ್. ಮುಂದೆ ಬಿಳಿ ಘೇಂಡಾಮೃಗಗಳ ಉಳಿವಿಗಾಗಿ ದುಡಿದು ಹೆಸರಾದವರು ಅವರೇ. ಮೊದಲ ವರ್ಷ ಹೊರಟ ಎಂಟು ಜನರಲ್ಲಿ ಗುರಿ ಮುಟ್ಟಿದ್ದು ಅವರೊಬ್ಬರೇ, ಅದೂ ದಾರಿಯಲ್ಲಿ ಹಾವು ಕಚ್ಚಿದ ಮೇಲೆ, ಆರು ದಿನಗಳಿಗೂ ಹೆಚ್ಚು ಕಾಲ ತೆಗೆದುಕೊಂಡು. ಈಗ ಅದು ಮೂರು ದಿನಗಳ ಸ್ಪರ್ಧೆ. ನದಿ ಗುಡ್ಡಗಳ ನಡುವೆ ಸುತ್ತಿ ಬಳಸಿ ಹರಿಯುವುದರಿಂದ ಸ್ಪರ್ಧಿಗಳು ಹಲವೆಡೆ ದೋಣಿಯನ್ನು ಹೆಗಲಿಗೇರಿಸಿ ಗುಡ್ಡ ಹತ್ತಿ ಇಳಿದು ಆಚೆ ಬದಿಯ ನೀರಿಗೆ ಸೇರುತ್ತಾರೆ. ಮೂರನೆಯ ದಿನದ ಬರ್ಮಾ ರೋಡ್ ಎಂಬ ಏರು ಇವುಗಳಲ್ಲಿ ಬಹಳ ಹೆಸರುವಾಸಿ. 15 ಬಾರಿ ಈ ಸ್ಪರ್ಧೆಯನ್ನು ಗೆದ್ದ ಗ್ರೇಮ್ ಪೋಪ್-ಎಲಿಸ್ ಇಂಥ ಉದ್ದನೆಯ ಪೋರ್ಟೇಜುಗಳನ್ನು ಬಳಕೆಗೆ ತಂದವರಲ್ಲಿ ಮುಂಚೂಣಿಯವರು. ಹುಟ್ಟು ಹಾಕುವುದರಲ್ಲಿ ಮಾತ್ರ ಗಟ್ಟಿಗರಾದವರನ್ನು ಗುಡ್ಡ ಓಡಬಲ್ಲವರು ಹಿಂದೆ ಹಾಕುವ ಈ ಸ್ಪರ್ಧೆಯ ಕಥೆ ಓಟಗಾರರಾದ ನಿಮಗೆ ಧೈರ್ಯ ಕೊಡಬೇಕು.

ದೋಣಿಯನ್ನು ಹೊರಬೇಕೋ ನಡೆಸಬೇಕೋ ಎಂಬ ತೀರ್ಮಾನವನ್ನು ನಕ್ಷೆಯ ಮುಂದೆ ಕುಳಿತು, ಕಾಲಿಗೆ ನೀರು ತಾಗುವ ಮೊದಲೇ ಮಾಡಬೇಕು. ಒಂದು ಉದಾಹರಣೆ ಹಾಕಿ ನೋಡೋಣ. ನದಿ ಆರು ಕಿಲೋಮೀಟರ್ ಸುತ್ತು ಹೊಡೆದು ಬರುವ ಕಡೆ ನೆಲದ ಮೇಲೆ ಅಡ್ಡ ಹಾಯ್ದರೆ ಒಂದೂವರೆ ಕಿಲೋಮೀಟರ್ ಎಂದುಕೊಳ್ಳಿ. ನಿಂತ ನೀರಿನಲ್ಲಿ ಗಂಟೆಗೆ ಏಳು ಕಿಲೋಮೀಟರಿನಂತೆ ಹೋದರೆ ಸುಮಾರು 51 ನಿಮಿಷ ಬೇಕು. ಹೊತ್ತು ನಡೆಯುವ ವೇಗ ಗಂಟೆಗೆ ಮೂರು ಕಿಲೋಮೀಟರ್ ಎಂದರೆ 30 ನಿಮಿಷ, ಹತ್ತಿ ಇಳಿಯುವುದಕ್ಕೆ ಇನ್ನು ಹತ್ತು, ಒಟ್ಟು 40, ಹೊರುವುದೇ ಲಾಭ. ಆದರೆ ಆ ಒಂದೂವರೆ ಕಿಲೋಮೀಟರ್ ಮಳೆ ಬಿದ್ದ ಎರೆ ಹೊಲವಾಗಿದ್ದರೆ? ನಮ್ಮ ಎರೆಯಲ್ಲಿ ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ವೇಗ ಅರ್ಧಕ್ಕಿಳಿದರೆ ಅದೇ ದಾರಿಗೆ 70 ನಿಮಿಷ ಹಿಡಿಯುತ್ತದೆ, ನದಿಯೇ ಹತ್ತಿರವಾಗುತ್ತದೆ. ಹೊರನಾಡಿನ ಕೈಪಿಡಿಗಳಲ್ಲಿ ಈ ಮಣ್ಣಿನ ಲೆಕ್ಕ ಸಿಗುವುದಿಲ್ಲ. ಅದನ್ನು ನೀವೇ ಅಳೆದು ಬರೆದಿಟ್ಟುಕೊಳ್ಳಬೇಕು.

ದಾರಿಯೇ ಇಲ್ಲದ ಕಡೆ ಹೊರುವುದು ಬೇರೆಯದೇ ಪರೀಕ್ಷೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 1963ರಿಂದ ನಡೆಯುತ್ತಿರುವ ಟೆಕ್ಸಸ್ ವಾಟರ್ ಸಫಾರಿಯಲ್ಲಿ 260 ಮೈಲಿಯನ್ನು 100 ಗಂಟೆಗಳೊಳಗೆ ಮುಗಿಸಬೇಕು. ಕೊನೆಯ ಭಾಗದಲ್ಲಿ ಗ್ವಾಡಲೂಪ್ ನದಿಯಲ್ಲಿ ಕೊಚ್ಚಿ ಬಂದ ಮರದ ದಿಮ್ಮಿಗಳು ಒಂದರ ಮೇಲೊಂದು ಸಿಲುಕಿ ನದಿಯನ್ನೇ ಮುಚ್ಚಿಬಿಟ್ಟಿರುತ್ತವೆ. ನಿದ್ದೆಗೆಟ್ಟ ಕಣ್ಣಿನಲ್ಲಿ, ಪೊದೆಗಳ ನಡುವೆ ದಾರಿ ಹುಡುಕುತ್ತಾ ದೋಣಿಯನ್ನು ಎಳೆಯಬೇಕು. ಇಂಥಲ್ಲಿ ಅನುಭವಿಗಳು ಪಾಲಿಸುವ ನಿಯಮ ಒಂದೇ: ಮೊದಲು ಒಬ್ಬರು ಬರಿಗೈಯಲ್ಲಿ ಹೋಗಿ, ಮತ್ತೆ ನೀರಿಗಿಳಿಯುವ ಜಾಗವನ್ನು ಕಣ್ಣಾರೆ ಕಂಡು ಬರಬೇಕು, ಅಲ್ಲಿಯವರೆಗೆ ಉಳಿದವರು ದೋಣಿಯನ್ನು ಎತ್ತಕೂಡದು. ಐದು ನಿಮಿಷದ ಈ ನಡಿಗೆಗೆ ಮನಸ್ಸು ಒಪ್ಪುವುದಿಲ್ಲ, ಸಮಯ ಹಾಳಾಗುತ್ತಿದೆ ಎನಿಸುತ್ತದೆ. ದೋಣಿ ಹೊತ್ತುಕೊಂಡೇ ದಾರಿ ತಪ್ಪಿ ಹಿಂದಿರುಗುವ ತಂಡದ ಬವಣೆಯನ್ನು ಒಮ್ಮೆ ಕಂಡವರು ಆ ಐದು ನಿಮಿಷಕ್ಕೆ ಲೋಭ ಮಾಡುವುದಿಲ್ಲ.

ನೀವು ಹೋಗಲಿರುವಂಥ, ಹಲವು ವಿದ್ಯೆಗಳು ಕಲೆತ ಸಾಹಸ ಸ್ಪರ್ಧೆಗೆ ಹತ್ತಿರದ ಉದಾಹರಣೆ 2019ರಲ್ಲಿ ಫಿಜಿಯಲ್ಲಿ ನಡೆದ ಇಕೋ-ಚಾಲೆಂಜ್. 30 ದೇಶಗಳ 66 ತಂಡಗಳು, 11 ದಿನ, 671 ಕಿಲೋಮೀಟರ್. ಗೆದ್ದದ್ದು ನೇಥನ್ ಫಾವೆ ನಾಯಕತ್ವದ ನ್ಯೂಜಿಲೆಂಡ್ ತಂಡ. ಎವರೆಸ್ಟ್ ಏರಿದ ಅವಳಿ ಸೋದರಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಅವರು ಕಟ್ಟಿದ ಭಾರತದ ತಂಡವೂ ಅಲ್ಲಿತ್ತು. ಹಾಯಿಯ ಸಾಂಪ್ರದಾಯಿಕ ದೋಣಿಗಳಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಬಿಲಿಬಿಲಿ ಎಂದು ಅಲ್ಲಿಯವರು ಕರೆಯುವ ಬಿದಿರಿನ ತೆಪ್ಪವನ್ನು ತಂಡದವರೇ ಕಟ್ಟಿ ಹೊಳೆಯಲ್ಲಿ ಸಾಗಬೇಕಿತ್ತು. ಸಡಿಲವಾಗಿ ಬಿಗಿದ ಗಂಟು ನಡುನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಕಟ್ಟುವಾಗಿನ ಅವಸರ ಅಲ್ಲಿ ನಷ್ಟದ ಬಾಬತ್ತು. ಬಾದಾಮಿಯಲ್ಲಿ ನೀವು ಕಲಿತ ಗಂಟುಗಳು ಇಂಥ ಕಡೆ ಕೈಹಿಡಿಯುತ್ತವೆ. ದೊಡ್ಡ ಸ್ಪರ್ಧೆಗಳಲ್ಲಿ ಡಾರ್ಕ್ ಝೋನ್ ಎಂಬ ನಿಯಮವೂ ಇರುತ್ತದೆ: ಸೆಳವಿರುವ ನದಿಯ ಹಂತಗಳಲ್ಲಿ ಕತ್ತಲಾದ ಮೇಲೆ ದೋಣಿ ನಡೆಸುವಂತಿಲ್ಲ. ಸೂರ್ಯ ಮುಳುಗುವ ಹತ್ತು ನಿಮಿಷ ಮೊದಲು ನೀರಿಗಿಳಿಯಬೇಕಿದ್ದ ತಂಡ ಆ ಹತ್ತು ನಿಮಿಷವನ್ನು ಹಿಂದಿನ ಪೋರ್ಟೇಜಿನಲ್ಲಿ ಕಳೆದುಕೊಂಡಿದ್ದರೆ ದಂಡೆಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ಇನ್ನೊಂದು ಸ್ಪರ್ಧೆಯನ್ನು ಹೇಳದೆ ಮುಂದೆ ಹೋಗಲಾರೆ. 2000ದಲ್ಲಿ ಮಲೇಷ್ಯಾದ ಸಬಾ ಪ್ರಾಂತದಲ್ಲಿ, ಬೋರ್ನಿಯೋ ದ್ವೀಪದ ಕಾಡಿನಲ್ಲಿ ನಡೆದ ಇಕೋ-ಚಾಲೆಂಜ್‌ನಲ್ಲಿ 304 ಸ್ಪರ್ಧಿಗಳಿದ್ದರು. ಮನೆಗೆ ಮರಳಿದ ಮೇಲೆ ಹಲವರಿಗೆ ಜ್ವರ ಬಂತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 189 ಜನರನ್ನು ವಿಚಾರಿಸಿದಾಗ ಅವರಲ್ಲಿ 80 ಮಂದಿಯಲ್ಲಿ ಲೆಪ್ಟೋಸ್ಪೈರೋಸಿಸ್‌ನ, ನಮ್ಮಲ್ಲಿ ಇಲಿ ಜ್ವರ ಎನ್ನುವ ರೋಗದ ಲಕ್ಷಣಗಳು ಕಂಡುಬಂದವು. ಸೆಗಾಮಾ ನದಿಯಲ್ಲಿ ಈಜಿದ್ದೇ ಮುಖ್ಯ ಕಾರಣವೆಂದು ತಿಳಿಯಿತು. ಇಲಿ, ದನ ಮೊದಲಾದ ಪ್ರಾಣಿಗಳ ಮೂತ್ರ ಬೆರೆತ ನೀರು ಮತ್ತು ಕೆಸರಿನಿಂದ, ತರಚಿದ ಚರ್ಮದ ಮೂಲಕ ಇದು ದೇಹ ಸೇರುತ್ತದೆ. ಪೋರ್ಟೇಜ್ ಮಾಡುವವರ ಮೊಣಕಾಲು, ಹಿಮ್ಮಡಿಗಳು ಸದಾ ತರಚಿರುತ್ತವೆ. ನಮ್ಮ ನದಿದಂಡೆಗಳಲ್ಲಿ ಕಬ್ಬಿನ ಗದ್ದೆಗಳಿವೆ, ಅಲ್ಲಿ ಇಲಿಗಳಿಗೆ ಕೊರತೆಯಿಲ್ಲ. ಗಾಯವನ್ನು ನೀರು ತಾಗದಂತೆ ಮುಚ್ಚಿ, ನದಿಯ ನೀರನ್ನು ಬಾಯಿಗೆ ಹಾಕಬೇಡಿ, ಅಭ್ಯಾಸದ ನಂತರದ ವಾರಗಳಲ್ಲಿ ಜ್ವರ ಮತ್ತು ಮೀನಖಂಡದ ನೋವು ಕಾಣಿಸಿದರೆ ನದಿಗಿಳಿದಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಈಗ ನಮ್ಮ ನದಿಗಳ ಮಾತು. ಮೊದಲ ನಿಯಮವೆಂದರೆ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕೃಷ್ಣೆಗಾಗಲಿ ಅದರ ಉಪನದಿಗಳಿಗಾಗಲಿ ಇಳಿಯಬಾರದು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗಿ ಕೊಯ್ನಾದಿಂದ ನೀರು ಬಿಟ್ಟರೆ ಚಿಕ್ಕೋಡಿ, ಅಥಣಿ ಕಡೆ ಒಂದು ಹನಿ ಬೀಳದಿದ್ದರೂ ನದಿ ಏರುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹವನ್ನು ಈ ಭಾಗದವರು ಮರೆತಿಲ್ಲ. ದಸರೆ ಕಳೆದ ಮೇಲಿನ ಮೂರ್ನಾಲ್ಕು ತಿಂಗಳು ನೀರು ತುಂಬಿ ನಿಂತಿರುತ್ತದೆ, ಸೆಳವು ಕಡಿಮೆ ಇರುತ್ತದೆ. ಅದು ನಿಮ್ಮ ಕಾಲ. ಜಮಖಂಡಿ ತಾಲ್ಲೂಕಿನಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬಾಂದಾರದ ಹಿನ್ನೀರಿನಂಥ ಶಾಂತ ಪಾತ್ರಗಳು ಕಲಿಯುವವರಿಗೆ ತಕ್ಕವು. ನೀರಾವರಿ ಇಲಾಖೆಯ ಅನುಮತಿ ಪಡೆದು, ಊರಿನ ಮೀನುಗಾರರನ್ನು ವಿಚಾರಿಸಿಯೇ ಇಳಿಯಿರಿ. ಮೊಸಳೆಗಳು ಕೃಷ್ಣೆಯಲ್ಲಿವೆ, ಯಾವ ಮಡುವಿನ ಬಳಿ ಅವು ಬಿಸಿಲಿಗೆ ಮಲಗುತ್ತವೆ ಎಂಬುದು ದಿನವೂ ಬಲೆ ಹಾಕುವವರಿಗೆ ಗೊತ್ತು, ಅವರು ಬೇಡವೆಂದ ಕಡೆ ವಾದ ಮಾಡಬೇಡಿ. ದಂಡೆಗುಂಟ ಪಂಪ್‌ಸೆಟ್ಟುಗಳ ಪೈಪು ಮತ್ತು ಕೇಬಲ್ಲುಗಳು ನೀರಿಗಿಳಿದಿರುತ್ತವೆ, ಅವುಗಳಿಂದ ದೂರವಿರಿ. ಧೂಪದಾಳದ ಜಲಾಶಯ ಘಟಪ್ರಭಾ ಪಕ್ಷಿಧಾಮಕ್ಕೆ ಸೇರಿದ್ದು, ಅಲ್ಲಿ ಅಭ್ಯಾಸದ ಯೋಚನೆಯೇ ಬೇಡ. ಅಲ್ಲಿಂದ ಕೆಳಗೆ ಹತ್ತಿರದಲ್ಲೇ ನದಿ ಗೋಕಾಕ ಜಲಪಾತವಾಗಿ 52 ಮೀಟರ್ ಧುಮುಕುತ್ತದೆ.

ಬಾಂದಾರದ ಅಪಾಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಗೋಡೆಯ ಮೇಲಿಂದ ಸಮನಾಗಿ ಬೀಳುವ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ಮರಳಿ ಹರಿಯುತ್ತದೆ. ಅದರಲ್ಲಿ ಸಿಕ್ಕಿದ ದೋಣಿಯಾಗಲಿ ಮನುಷ್ಯನಾಗಲಿ ಅಲ್ಲೇ ಉರುಳುತ್ತಿರಬೇಕಾಗುತ್ತದೆ. ಆಳೆತ್ತರದ ಗೋಡೆ ಸಾಕು ಪ್ರಾಣ ತೆಗೆಯಲು, ಈಜಿನಲ್ಲಿ ನುರಿತವರೂ ಇದಕ್ಕೆ ಹೊರತಲ್ಲ. ಮೇಲಿನಿಂದ ಬರುವವರಿಗೆ ನೀರು ಒಂದು ಗೆರೆಯಲ್ಲಿ ನಿಂತಂತೆ ಮಾತ್ರ ತೋರುತ್ತದೆ. ಗೇಟು ತೆಗೆದಿದ್ದರೆ ಮೇಲಿನ ಬದಿಯೂ ಅಷ್ಟೇ ಕೆಟ್ಟದ್ದು: ಅಡಿಯಲ್ಲಿ ಎಳೆಯುವ ನೀರು ದೋಣಿಯನ್ನು ಗೇಟಿಗೆ ಒತ್ತಿ ಹಿಡಿಯುತ್ತದೆ. ಆದ್ದರಿಂದ ಕನಿಷ್ಠ 100 ಮೀಟರ್ ಮೇಲೆಯೇ ದಂಡೆಗೆ ಬನ್ನಿ, ಕೆಳಗೆ ನೊರೆ ಪೂರ್ತಿ ಅಡಗಿದ ಮೇಲೆಯೇ ಮತ್ತೆ ಇಳಿಯಿರಿ. ಹಿಪ್ಪರಗಿಯಂಥ ದೊಡ್ಡ ಬ್ಯಾರೇಜುಗಳ ಮತ್ತು ಆಲಮಟ್ಟಿ ಅಣೆಕಟ್ಟೆಯ ಸಮೀಪಕ್ಕೆ ಹೋಗಲೇಬೇಡಿ. ಹರಿಯುವ ನೀರು ಮೊಣಕಾಲಿಗಿಂತ ಮೇಲಿದ್ದರೆ ಎದ್ದು ನಿಲ್ಲಲು ಯತ್ನಿಸಬಾರದು ಎಂಬುದೂ ಇದರ ಜೊತೆಗೇ ನೆನಪಿಡಬೇಕಾದ ಮಾತು. ಕಲ್ಲುಗಳ ಸಂದಿಗೆ ಪಾದ ಸಿಕ್ಕಿದರೆ ಸೆಳವು ಮೈಯನ್ನು ಮುಂದಕ್ಕೆ ಮಗುಚಿಬಿಡುತ್ತದೆ.

ಆಲಮಟ್ಟಿಯ ಹಿನ್ನೀರು ಗಾಳಿಯ ಪಾಠ ಕಲಿಸುತ್ತದೆ. ಮರೆಯಿಲ್ಲದ ಅಗಲವಾದ ನೀರಿನ ಮೇಲೆ ಗಾಳಿ ದೂರದಿಂದ ಬೀಸಿದಷ್ಟೂ ಅಲೆ ಎತ್ತರವಾಗುತ್ತದೆ, ಪಕ್ಕದಿಂದ ಬರುವ ಅಲೆ ದೋಣಿಯನ್ನು ಮಗುಚುತ್ತದೆ. ಬೇಸಿಗೆಯಲ್ಲಿ ಇದೇ ಹಿನ್ನೀರು ಬಹಳ ದೂರ ಸರಿದು ಹೋಗಿ, ಮೇಲೆ ಒಣಗಿ ಬಿರಿದ, ಒಳಗೆ ಹಸಿಯಾದ ಕೆಸರಿನ ಬಯಲನ್ನು ಬಿಟ್ಟಿರುತ್ತದೆ. ಅಂಥಲ್ಲಿ ದೋಣಿಯನ್ನು ಎತ್ತಿದರೆ ಅದರ ಭಾರವೆಲ್ಲ ನಿಮ್ಮ ಕಾಲಿಗೆ ಬಂದು ತೊಡೆಯವರೆಗೆ ಹೂತುಹೋಗುತ್ತೀರಿ. ದೋಣಿ ನೆಲದ ಮೇಲೇ ಇರಲಿ. ಇಬ್ಬದಿಯ ಅಂಚಿಗೆ ಕೈಯೂರಿ, ಮೈಭಾರವನ್ನು ಅದರ ಮೇಲೆ ಬಿಟ್ಟು ತಳ್ಳುತ್ತಾ ಸಾಗಿ. ಗಾಳಿ ತುಂಬುವ ಪ್ಯಾಕ್‌ರಾಫ್ಟ್ ಬಳಸುವುದಾದರೆ ನಮ್ಮ ದಂಡೆಗಳ ದೊಡ್ಡ ಶತ್ರು ಬಳ್ಳಾರಿ ಜಾಲಿ. ನೆಲ ನೋಡದೆ ಇಳಿಸಬೇಡಿ, ತೇಪೆಯ ಟೇಪು ಒದ್ದೆಯಾಗದಂತೆ ಜೊತೆಗಿರಲಿ.

ಹೊರುವ ವಿಧಾನಕ್ಕೆ ಬರೋಣ. ಸ್ಪರ್ಧೆಗಳಲ್ಲಿ ಕೊಡುವ ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ಸಾಮಾನ್ಯವಾಗಿ 30ರಿಂದ 40 ಕಿಲೋ ತೂಗುತ್ತದೆ. ಒಳಗೆ ಹತ್ತು ಲೀಟರ್ ನೀರು ಉಳಿದಿದ್ದರೆ ಮತ್ತೆ ಹತ್ತು ಕಿಲೋ. ಮೊದಲ ಕೆಲಸವೇ ನೀರು ಚೆಲ್ಲುವುದು. ಯಾರು ಮೊದಲು ಇಳಿಯುತ್ತಾರೆ, ಯಾರು ಹುಟ್ಟುಗಳನ್ನು ಕಟ್ಟುತ್ತಾರೆ, ಯಾರು ನಕ್ಷೆ ಹಿಡಿಯುತ್ತಾರೆ ಎಂಬುದು ದಂಡೆ ಕಾಣುವ ಮೊದಲೇ ಮಾತಾಗಿರಬೇಕು. ನೀವು ನಾಲ್ವರು, ದೋಣಿ ಎರಡು: ಜಾಗ ಅಗಲವಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು, ಇಬ್ಬರು ಮುಂದೆ ಇಬ್ಬರು ಹಿಂದೆ ನಿಂತು, ಹಿಡಿಕೆಗಳ ಭಾರವನ್ನು ಹಂಚಿಕೊಂಡು ಎತ್ತುವುದು ಉದ್ದನೆಯ ದಾರಿಗೆ ಒಳ್ಳೆಯದು. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರು ನಡಿಗೆ ನಿಲ್ಲಿಸದೆ ಹೆಗಲು ಬದಲಿಸುವಂತೆ, ನೋವು ಶುರುವಾಗುವ ಮೊದಲೇ ಬದಿ ಬದಲಿಸಿಕೊಳ್ಳುತ್ತಾ ಹೋಗಬೇಕು. ನಡಿಗೆಯ ವೇಗವನ್ನು ಆ ಹೊತ್ತಿಗೆ ಹೆಚ್ಚು ದಣಿದವರು ನಿರ್ಧರಿಸಲಿ. ಚಕ್ರದ ಗಾಡಿಯನ್ನು ಬಳಸಲು ಬಿಟ್ಟರೆ ಡಾಂಬರಿನ ಮೇಲೆ ಅದಕ್ಕೆ ಸಮನಾದದ್ದಿಲ್ಲ. ಮರಳಿನಲ್ಲಿ ಅದು ಹೂಳುತ್ತದೆ, ಹಸಿ ಎರೆಯಲ್ಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ದೋಣಿ ಸಿಗುವವರೆಗೆ ಉದ್ದನೆಯ ಗಟ್ಟಿ ಬಿದಿರಿನ ನಡುವೆ 35 ಕಿಲೋ ಮರಳಿನ ಚೀಲ ಕಟ್ಟಿ ಇಬ್ಬಿಬ್ಬರು ಹೊತ್ತು ನಡೆಯುವ ಅಭ್ಯಾಸ ಮಾಡಿ. ಸೈಕಲ್ ತುಳಿದು ಬಂದ ಕಾಲಿನಲ್ಲೇ ಇದನ್ನು ಮಾಡಬೇಕು, ಸ್ಪರ್ಧೆಯಲ್ಲಿ ಬಿಡುವಾದ ಕಾಲು ಯಾರಿಗೂ ಇರುವುದಿಲ್ಲ.

ದೋಣಿ ಮಗುಚಿದಾಗ ಹೊರಬರುವುದು, ಮತ್ತೆ ಹತ್ತುವುದು, ಸೆಳವಿನಲ್ಲಿ ದೋಣಿಯನ್ನು ಓರೆಯಾಗಿ ದಾಟಿಸುವುದು, ಇವನ್ನು ಮಾತ್ರ ಓದಿ ಕಲಿಯಲಾಗದು. ನ್ಯೂಜಿಲೆಂಡಿನಲ್ಲಿ 1983ರಲ್ಲಿ ಆರಂಭವಾದ ಕೋಸ್ಟ್ ಟು ಕೋಸ್ಟ್ ಸ್ಪರ್ಧೆಯಲ್ಲಿ ವೈಮಾಕರಿರಿ ನದಿಯ ಕಯಾಕ್ ಹಂತಕ್ಕಿಳಿಯಲು ಎರಡನೆಯ ದರ್ಜೆಯ ಸೆಳವಿನಲ್ಲಿ ದೋಣಿ ನಡೆಸಬಲ್ಲೆನೆಂಬ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಅದು ಸರಿಯಾದ ಪದ್ಧತಿ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಮೂಲಕ ಜಲಸಾಹಸದ ತರಬೇತಿ ದೊರೆಯುತ್ತದೆ. ಸೆಳವಿನ ನೀರಿಗೆ ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾರಿಯಲ್ಲಿ ಗಣೇಶಗುಡಿಗೆ ಹೋಗಿ. ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ ಕಾಳಿ ನದಿಯ ಹರಿವು ನಿಂತಿರುವುದರಿಂದ ಅಲ್ಲಿನ ಮಾರ್ಗದರ್ಶಕರ ಜೊತೆಯಿಲ್ಲದೆ ಇಳಿಯಬಾರದು.

ಕೊನೆಯದಾಗಿ ದೋಣಿ ಕೊಳ್ಳುವ ವಿಚಾರ. ಈಗಲೇ ಬೇಡ. ದೋಣಿಯನ್ನು ಬಹಳಷ್ಟು ಕಡೆ ಸಂಘಟಕರೇ ಕೊಡುತ್ತಾರೆ, ಅದು ಯಾವ ಬಗೆಯದೆಂದು ಮೊದಲೇ ಕೇಳಿ ತಿಳಿದು ಅಂಥದ್ದರಲ್ಲೇ ಅಭ್ಯಾಸ ಮಾಡಿ. ಪ್ಯಾಕ್‌ರಾಫ್ಟ್ ಕಡ್ಡಾಯವೆಂದು ಸ್ಪರ್ಧೆಯ ನಿಯಮದಲ್ಲಿ ಬರೆದಿದ್ದರೆ ಮಾತ್ರ ಆ ಖರ್ಚಿಗೆ ಕೈಹಾಕಿ. ಕೈಯಲ್ಲಿರುವ ಹಣವನ್ನು ಹಗುರವಾದ ಹುಟ್ಟುಗಳಿಗೆ ಮತ್ತು ಒಬ್ಬೊಬ್ಬರ ಮೈಯಳತೆಯ ಲೈಫ್ ಜಾಕೆಟ್ಟಿಗೆ ವಿನಿಯೋಗಿಸಿ. ತಂಡದ ಮಹಿಳೆಗೆ ಅವರ ಅಳತೆಯದನ್ನೇ ಕೊಳ್ಳಿ, ಪುರುಷರದನ್ನು ಬಿಗಿದು ಕೊಡಬೇಡಿ. ಅಂಗಡಿಯಲ್ಲೇ ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ಇನ್ನೊಬ್ಬರಿಂದ ಹೆಗಲ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಸಿ ನೋಡಿ: ಜಾಕೆಟ್ಟು ಕಿವಿಯವರೆಗೆ ಏರಿ ಬಂದರೆ ಅದು ದೊಡ್ಡದಾಯಿತು, ಒಂದು ಅಳತೆ ಚಿಕ್ಕದನ್ನು ಕೇಳಿ.